ನಿಗದಿತ ಸಮಯದಲ್ಲಿ ಬರೆದ ವಿಶ್ಲೇಷಣಾ ಪ್ರಬಂಧಗಳ ಮೌಲ್ಯಮಾಪನ: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಅಂಶಗಳು

(ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಮಾಹಿತಿಗಾಗಿ)

1. ಪೀಠಿಕೆ

ಗ್ರಾಮೀಣ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದವು. 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಯಿತು. ಇಂದು ಅರಿವು ಕೇಂದ್ರಗಳೆಂದು ಕರೆಯಲ್ಪಡುವ ಈ ಗ್ರಂಥಾಲಯಗಳಲ್ಲಿಯೂ ಪಂಚಾಯಿತಿ ವ್ಯಾಪ್ತಿಯ ಶಾಲೆಗಳಲ್ಲಿಯೂ ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ಕನ್ನಡ ರಾಜ್ಯೋತ್ಸವ ಹಾಗೂ ಮಕ್ಕಳ ದಿನಾಚರಣೆಯ ಸಂದರ್ಭಗಳಲ್ಲಿ ಪ್ರಬಂಧ ಸ್ಪರ್ಧೆಗಳು ನಡೆಯುವುದು ವಾಡಿಕೆಯಾಗಿದೆ. ಪುಸ್ತಕ, ಪ್ರಮಾಣಪತ್ರ, ಕೆಲವೆಡೆ ಒಂದಿಷ್ಟು ನಗದು ಬಹುಮಾನವನ್ನೂ ನೀಡಲಾಗುತ್ತದೆ. ಬಹುಮಾನವನ್ನು ವಿತರಿಸುವವರು ಸದಸ್ಯರೇ. ಅನೇಕ ಸಲ ಆಯ್ಕೆ ಮಾಡುವವರೂ ಅವರೇ.

ಆಯ್ಕೆ ಹೇಗೆ ನಡೆಯುತ್ತದೆ ಎಂಬುದನ್ನು ಗಮನಿಸಿದರೆ ಒಂದು ಸಾಮಾನ್ಯ ಚಿತ್ರ ಕಾಣುತ್ತದೆ. ಕಾರ್ಯಕ್ರಮದ ಹಿಂದಿನ ಸಂಜೆ ಅರವತ್ತು ಎಪ್ಪತ್ತು ಪ್ರಬಂಧಗಳ ಕಟ್ಟು ಒಬ್ಬರ ಕೈಗೆ ಬರುತ್ತದೆ. ಪುಟಗಳನ್ನು ಮಗುಚುತ್ತಾ ಹೋದಂತೆ ದುಂಡಾದ ಅಕ್ಷರ, ತುಂಬಿದ ಹಾಳೆ, ಗಾದೆಯಿಂದಲೋ ಕವಿವಾಣಿಯಿಂದಲೋ ಆರಂಭವಾದ ಬರಹ ಮೇಲಕ್ಕೆ ಸರಿಯುತ್ತದೆ. ಉಳಿದವು ಕೆಳಗೆ ಉಳಿಯುತ್ತವೆ. ಇದರಲ್ಲಿ ಯಾರ ದುರುದ್ದೇಶವೂ ಇರುವುದಿಲ್ಲ. ಆದರೆ ಊರಿನ ಕೆರೆಯ ಬಗ್ಗೆ ತಾನೇ ಯೋಚಿಸಿ ಒಂದೂಕಾಲು ಪುಟ ಬರೆದ ಮಗು, ಮಾರ್ಗದರ್ಶಿ ಪುಸ್ತಕದಿಂದ ಕಂಠಪಾಠ ಮಾಡಿ ಮೂರು ಪುಟ ಬರೆದ ಮಗುವಿನ ಮುಂದೆ ಸೋತುಹೋಗುತ್ತದೆ. ಮುಂದಿನ ವರ್ಷ ಆ ಮಗುವೂ ಕಂಠಪಾಠವನ್ನೇ ಮಾಡುತ್ತದೆ. ಬಹುಮಾನವು ಯಾವ ಬಗೆಯ ಬರಹಕ್ಕೆ ಸಲ್ಲುತ್ತದೆಯೋ ಆ ಬಗೆಯ ಬರಹವನ್ನೇ ಊರಿನ ಮಕ್ಕಳು ಕಲಿಯುತ್ತಾರೆ ಎಂಬುದು ಈ ಲೇಖನದ ಆಧಾರ. ಆದ್ದರಿಂದ ಪ್ರಬಂಧವನ್ನು ಅಳೆಯುವ ಕ್ರಮವನ್ನು ಸದಸ್ಯರು ತಿಳಿದಿರುವುದು ಅವಶ್ಯಕ.

2. ವಿಶ್ಲೇಷಣಾ ಪ್ರಬಂಧ ಎಂದರೇನು?

ವಿವರಣಾತ್ಮಕ ಪ್ರಬಂಧವು ಒಂದು ವಸ್ತುವನ್ನೋ ಸ್ಥಳವನ್ನೋ ಹಬ್ಬವನ್ನೋ ಬಣ್ಣಿಸುತ್ತದೆ. ವಿಶ್ಲೇಷಣಾ ಪ್ರಬಂಧವು ಒಂದು ಪ್ರಶ್ನೆಗೆ ಉತ್ತರ ಹೇಳುತ್ತದೆ. ಆ ಉತ್ತರಕ್ಕೆ ಕಾರಣ ಕೊಡುತ್ತದೆ. ಉತ್ತರವನ್ನು ಒಪ್ಪದವರು ಏನು ಹೇಳಬಹುದು ಎಂಬುದನ್ನು ಎದುರಿಸುತ್ತದೆ. ಕೊನೆಗೆ ಒಂದು ನಿಲುವಿಗೆ ಬರುತ್ತದೆ. ‘ನಮ್ಮೂರ ಕೆರೆ’ ಎಂಬುದು ವಿವರಣೆಯ ವಿಷಯ. ‘ನಮ್ಮೂರ ಕೆರೆಯ ಹೂಳನ್ನು ಈ ವರ್ಷವೇ ತೆಗೆಯಬೇಕೇ, ಏಕೆ?’ ಎಂಬುದು ವಿಶ್ಲೇಷಣೆಯ ವಿಷಯ.

‘ನಿಗದಿತ ಸಮಯ’ ಎಂಬ ಮಾತಿಗೂ ಮಹತ್ವವಿದೆ. ಮನೆಯಲ್ಲಿ ಬರೆದು ತಂದ ಪ್ರಬಂಧದಲ್ಲಿ ಅಣ್ಣನ ನೆರವು, ಮಾರ್ಗದರ್ಶಿ ಪುಸ್ತಕ, ಈಚೆಗೆ ಮೊಬೈಲ್ ಫೋನಿನಲ್ಲಿ ಸಿಗುವ ಸಿದ್ಧ ಬರಹ ಇವೆಲ್ಲ ಸೇರಿರಬಹುದು. ಕೊಠಡಿಯಲ್ಲಿ ಕುಳಿತು, ಅಲ್ಲಿಯೇ ತಿಳಿದ ಪ್ರಶ್ನೆಗೆ, ಗಡಿಯಾರದ ಮುಂದೆ ಬರೆದದ್ದು ಮಗುವಿನ ಸ್ವಂತದ್ದಾಗಿರುತ್ತದೆ. ಆದರೆ ಅದು ತಿದ್ದುವ ಅವಕಾಶವಿಲ್ಲದ ಮೊದಲ ಕರಡೂ ಹೌದು. ಅದರಲ್ಲಿ ಹೊಡೆದುಹಾಕಿದ ಸಾಲು, ಬಿಟ್ಟುಹೋದ ಅಕ್ಷರ, ಅವಸರದ ಮುಕ್ತಾಯ ಇರುವುದು ಸಹಜ. ಮುದ್ರಿತ ಲೇಖನದ ಅಚ್ಚುಕಟ್ಟನ್ನು ಅದರಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ಈ ಸಾಮರ್ಥ್ಯದ ಉಪಯೋಗ ಒಂದು ದಿನದ ಸ್ಪರ್ಧೆಗೆ ಸೀಮಿತವಲ್ಲ. ಎಸ್.ಎಸ್.ಎಲ್.ಸಿ. ಪ್ರಥಮ ಭಾಷೆಯ 100 ಅಂಕಗಳ ಲಿಖಿತ ಪರೀಕ್ಷೆಯಲ್ಲಿ ಪ್ರಬಂಧ ರಚನೆಯ ಪ್ರಶ್ನೆ ಇರುತ್ತದೆ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಮುಖ್ಯ ಪರೀಕ್ಷೆಯಲ್ಲಿ ಪ್ರಬಂಧಕ್ಕೇ ಪ್ರತ್ಯೇಕ ಪತ್ರಿಕೆ ಇದ್ದು, ಅದಕ್ಕೆ 250 ಅಂಕಗಳು, 3 ಗಂಟೆಗಳ ಅವಧಿ. ಅಭ್ಯರ್ಥಿ ಅದನ್ನು ಕನ್ನಡದಲ್ಲಿಯೂ ಬರೆಯಬಹುದು. ಕರ್ನಾಟಕ ಲೋಕಸೇವಾ ಆಯೋಗದ ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಮುಖ್ಯ ಪರೀಕ್ಷೆಯಲ್ಲಿಯೂ ಪ್ರಬಂಧ ಪತ್ರಿಕೆಗೆ 250 ಅಂಕಗಳಿವೆ. ಅರಿವು ಕೇಂದ್ರದ ಸ್ಪರ್ಧಾತ್ಮಕ ಪರೀಕ್ಷೆಗಳ ಕಪಾಟಿನ ಮುಂದೆ ಕುಳಿತಿರುವ ಯುವಕ ಯುವತಿಯರು ಹತ್ತು ವರ್ಷಗಳ ಹಿಂದೆ ಇದೇ ಊರಿನ ಪ್ರಬಂಧ ಸ್ಪರ್ಧೆಗಳಲ್ಲಿ ಬರೆದವರೇ. ಆಗ ಅವರಿಗೆ ದೊರೆತ ತೀರ್ಪು ಅವರ ಬರವಣಿಗೆಯ ಅಭ್ಯಾಸವನ್ನು ರೂಪಿಸಿರುತ್ತದೆ.

3. ಒಂದೇ ಪ್ರಬಂಧಕ್ಕೆ ಬೇರೆ ಬೇರೆ ಅಂಕ ಏಕೆ?

ಹಾಲು ಉತ್ಪಾದಕರ ಸಂಘದಲ್ಲಿ ಹಾಲಿನ ಬಣ್ಣ ನೋಡಿ ದರ ಕಟ್ಟುವುದಿಲ್ಲ. ಕೊಬ್ಬಿನ ಅಂಶವನ್ನೂ ಕೊಬ್ಬೇತರ ಘನಾಂಶವನ್ನೂ ಯಂತ್ರದಲ್ಲಿ ಅಳೆದು ದರ ನಿಗದಿ ಮಾಡಲಾಗುತ್ತದೆ. ಬೆಳಿಗ್ಗೆ ಯಾರು ಪರೀಕ್ಷಿಸಿದರೂ ಒಂದೇ ಹಾಲಿಗೆ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬರುತ್ತದೆ. ಪ್ರಬಂಧಕ್ಕೆ ಅಂತಹ ಯಂತ್ರವಿಲ್ಲ. ಓದುವವರೇ ಅಳತೆಗೋಲು. ಅಳತೆಗೋಲುಗಳೇ ಬೇರೆ ಬೇರೆಯಾಗಿದ್ದರೆ ಅಂಕವೂ ಬೇರೆಯಾಗುತ್ತದೆ.

ಇದು ಊಹೆಯಲ್ಲ, ಪರೀಕ್ಷಿಸಿ ಕಂಡ ಸಂಗತಿ. 1912ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬ ಸಂಶೋಧಕರು ಪ್ರೌಢಶಾಲೆಯ ಇಬ್ಬರು ವಿದ್ಯಾರ್ಥಿಗಳ ಇಂಗ್ಲಿಷ್ ಉತ್ತರಪತ್ರಿಕೆಗಳ ಪ್ರತಿಗಳನ್ನು ಅನೇಕ ಶಾಲೆಗಳ ಶಿಕ್ಷಕರಿಗೆ ಕಳುಹಿಸಿದರು. 142 ಶಿಕ್ಷಕರು ಅಂಕ ನೀಡಿ ಹಿಂತಿರುಗಿಸಿದರು. ಒಂದೇ ಉತ್ತರಪತ್ರಿಕೆಗೆ 100ಕ್ಕೆ 64 ಕೊಟ್ಟವರೂ ಇದ್ದರು, 98 ಕೊಟ್ಟವರೂ ಇದ್ದರು. 1961ರಲ್ಲಿ ಪಾಲ್ ಡೀಡರಿಕ್ ಮತ್ತು ಅವರ ಸಹೋದ್ಯೋಗಿಗಳು ಕಾಲೇಜು ವಿದ್ಯಾರ್ಥಿಗಳ 300 ಪ್ರಬಂಧಗಳನ್ನು 53 ಓದುಗರಿಗೆ ಕೊಟ್ಟರು. ಶಿಕ್ಷಕರು, ಲೇಖಕರು, ವಕೀಲರು, ವ್ಯಾಪಾರ ಸಂಸ್ಥೆಗಳ ಅಧಿಕಾರಿಗಳು ಆ ಓದುಗರಲ್ಲಿದ್ದರು. ಯಾವ ಮಾನದಂಡವನ್ನೂ ಹೇಳದೆ, ಪ್ರಬಂಧಗಳನ್ನು ಯೋಗ್ಯತೆಯ ಪ್ರಕಾರ 9 ದರ್ಜೆಗಳಾಗಿ ವಿಂಗಡಿಸುವಂತೆ ಕೋರಲಾಯಿತು. ಶೇ 94ರಷ್ಟು ಪ್ರಬಂಧಗಳಿಗೆ ಕನಿಷ್ಠ 7 ಬೇರೆ ಬೇರೆ ದರ್ಜೆಗಳು ಬಂದವು.

ಡೀಡರಿಕ್ ಅವರ ಅಧ್ಯಯನ ಅಲ್ಲಿಗೇ ನಿಲ್ಲಲಿಲ್ಲ. ಓದುಗರ ಟಿಪ್ಪಣಿಗಳನ್ನು ಪರಿಶೀಲಿಸಿದಾಗ ಅವರು ಐದು ಗುಂಪುಗಳಾಗಿ ಕಂಡುಬಂದರು. ಕೆಲವರು ವಿಚಾರವನ್ನು ನೋಡುತ್ತಿದ್ದರು, ಕೆಲವರು ಜೋಡಣೆಯನ್ನು, ಕೆಲವರು ಕಾಗುಣಿತ ಮತ್ತು ವ್ಯಾಕರಣವನ್ನು, ಕೆಲವರು ಪದಗಳ ಆಯ್ಕೆಯನ್ನು, ಇನ್ನು ಕೆಲವರು ಬರಹದ ಸೊಗಸನ್ನು. ಪ್ರತಿಯೊಬ್ಬರೂ ಪ್ರಾಮಾಣಿಕರೇ. ಆದರೆ ಪ್ರತಿಯೊಬ್ಬರೂ ಅಳೆದದ್ದು ಬೇರೆ ಬೇರೆ ವಸ್ತುವನ್ನು. ಏನನ್ನು ಅಳೆಯಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಮಗುವಿನ ಅಂಕವು ಅದರ ಬರಹಕ್ಕಿಂತ ಹೆಚ್ಚಾಗಿ ಅದು ಯಾರ ಕೈಗೆ ಸಿಕ್ಕಿತು ಎಂಬುದನ್ನು ಅವಲಂಬಿಸುತ್ತದೆ.

ಇದರ ಜೊತೆಗೆ ಇನ್ನೂ ಕೆಲವು ಕಾರಣಗಳು ತೀರ್ಪನ್ನು ವಾಲಿಸುತ್ತವೆ. ಸುಂದರ ಕೈಬರಹವು ವಿಚಾರವನ್ನೂ ಸುಂದರವೆಂದು ತೋರಿಸುತ್ತದೆ. ಅತ್ಯುತ್ತಮ ಪ್ರಬಂಧದ ನಂತರ ಓದಿದ ಸಾಧಾರಣ ಪ್ರಬಂಧ ಇನ್ನೂ ಕಳಪೆಯಾಗಿ ಕಾಣುತ್ತದೆ. ಐವತ್ತನೆಯ ಪ್ರಬಂಧದ ವೇಳೆಗೆ ಓದುವವರು ದಣಿದಿರುತ್ತಾರೆ. ಹೆಸರು, ಶಾಲೆ, ಊರು, ಮನೆತನ ತಿಳಿದಿದ್ದರೆ ಆ ತಿಳಿವಳಿಕೆ ಅರಿವಿಲ್ಲದೆಯೇ ಅಂಕದೊಳಗೆ ಸೇರುತ್ತದೆ.

4. ಅಳೆಯಬೇಕಾದ ಐದು ಅಂಶಗಳು

ಗ್ರಾಮ ಪಂಚಾಯಿತಿ ಮಟ್ಟದ ಸ್ಪರ್ಧೆಗೆ 20 ಅಂಕಗಳ ಕೆಳಕಂಡ ಹಂಚಿಕೆ ಅನುಕೂಲಕರ. ಇದನ್ನು ಸ್ಪರ್ಧೆಗೆ ಮುನ್ನವೇ ಶಾಲೆಗಳಿಗೆ ಕಳುಹಿಸಿ, ಸೂಚನಾ ಫಲಕದಲ್ಲಿ ಪ್ರಕಟಿಸುವುದು ಸೂಕ್ತ.

(ಅ) ಪ್ರಶ್ನೆಗೆ ನೇರ ಉತ್ತರ – 4 ಅಂಕ. ಕೇಳಿದ ಪ್ರಶ್ನೆಗೇ ಉತ್ತರ ಬಂದಿದೆಯೇ? ಬರೆದವರ ನಿಲುವು ಯಾವುದು ಎಂಬುದನ್ನು ಓದಿದವರು ಒಂದು ವಾಕ್ಯದಲ್ಲಿ ಹೇಳಬಲ್ಲರೇ? ಹೇಳಲಾಗದಿದ್ದರೆ ಈ ಅಂಶದಲ್ಲಿ ಪೂರ್ಣ ಅಂಕ ಸಲ್ಲುವುದಿಲ್ಲ.

(ಆ) ಕಾರಣ ಮತ್ತು ಆಧಾರ – 6 ಅಂಕ. ನಿಲುವಿಗೆ ಕಾರಣ ಕೊಟ್ಟಿದೆಯೇ? ಕಾರಣದ ಹಿಂದೆ ಕಂಡದ್ದು, ಕೇಳಿದ್ದು, ಓದಿದ್ದು, ಎಣಿಸಿದ್ದು ಏನಾದರೂ ಇದೆಯೇ? ‘ಎಲ್ಲರಿಗೂ ತೊಂದರೆಯಾಗುತ್ತದೆ’ ಎಂಬುದಕ್ಕಿಂತ ‘ಬೇಸಿಗೆಯಲ್ಲಿ ನಮ್ಮ ಬೀದಿಗೆ ನಾಲ್ಕು ದಿನಕ್ಕೊಮ್ಮೆ ನೀರು ಬರುತ್ತದೆ’ ಎಂಬುದು ಬಲವಾದ ಆಧಾರ.

(ಇ) ಮತ್ತೊಂದು ಪಕ್ಷದ ಪರಿಗಣನೆ – 4 ಅಂಕ. ತನ್ನ ಮಾತನ್ನು ಒಪ್ಪದವರ ಕಾರಣವನ್ನು ನ್ಯಾಯವಾಗಿ ಹೇಳಿ, ಅದಕ್ಕೆ ಉತ್ತರಿಸಲು ಪ್ರಯತ್ನಿಸಿದೆಯೇ? ವಿಶ್ಲೇಷಣೆಯನ್ನು ಭಾಷಣದಿಂದ ಬೇರ್ಪಡಿಸುವ ಅಂಶ ಇದೇ.

(ಈ) ಜೋಡಣೆ – 3 ಅಂಕ. ಒಂದು ಮಾತಿನಿಂದ ಮುಂದಿನ ಮಾತು ಹುಟ್ಟುತ್ತದೆಯೇ? ವಾಕ್ಯವೃಂದಗಳನ್ನು ಅದಲುಬದಲು ಮಾಡಿದರೂ ಏನೂ ವ್ಯತ್ಯಾಸವಾಗದಿದ್ದರೆ ಜೋಡಣೆ ದುರ್ಬಲವೆಂದೇ ಅರ್ಥ.

(ಉ) ಭಾಷೆ – 3 ಅಂಕ. ಅರ್ಥ ಸ್ಪಷ್ಟವಾಗಿದೆಯೇ? ವಾಕ್ಯಗಳು ಪೂರ್ಣವಾಗಿವೆಯೇ? ಕಾಗುಣಿತ ಒಂದು ಮಟ್ಟಕ್ಕೆ ಸರಿಯಿದೆಯೇ?

ಭಾಷೆಯ ವಿಷಯದಲ್ಲಿ ಈ ನಾಲ್ಕು ತಾಲ್ಲೂಕುಗಳಿಗೆ ಅನ್ವಯಿಸುವ ಒಂದು ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಇಲ್ಲಿನ ಆಡುಮಾತಿನಲ್ಲಿ ಪದದ ಮೊದಲಿನ ಹಕಾರ ಬಿದ್ದುಹೋಗುವುದು ಸಾಮಾನ್ಯ. ಆದ್ದರಿಂದ ಮಕ್ಕಳು ‘ಹೊಲ’ವನ್ನು ‘ಒಲ’ ಎಂದೂ ‘ಹೊಗೆ’ಯನ್ನು ‘ಒಗೆ’ ಎಂದೂ ಬರೆಯುತ್ತಾರೆ. ಕೆಲವೊಮ್ಮೆ ತಪ್ಪುವ ಭಯದಿಂದ ಹಕಾರ ಬೇಡದ ಕಡೆಯೂ ಅದನ್ನು ಸೇರಿಸುತ್ತಾರೆ. ಇದು ತಿದ್ದಿಕೊಳ್ಳಬೇಕಾದ ತಪ್ಪು, ನಿಜ. ಆದರೆ ಅದಕ್ಕೆ ಭಾಷೆಯ 3 ಅಂಕಗಳೊಳಗೆ ಒಂದು ಸಲ ಮಾತ್ರ ಅಂಕ ಕಡಿತ ಮಾಡಬೇಕು. ಅದೇ ತಪ್ಪು ಹತ್ತು ಸಲ ಬಂದರೆ ಹತ್ತು ಸಲ ಕಳೆಯುವುದು, ಅಥವಾ ಅದನ್ನು ಕಂಡು ವಿಚಾರದ ಅಂಕವನ್ನೂ ಇಳಿಸುವುದು ಸರಿಯಲ್ಲ. ಮನೆಯಲ್ಲಿ ಮೊದಲ ಬಾರಿಗೆ ಅಕ್ಷರ ಕಲಿತ ಮಗುವಿಗೆ ಇದರಿಂದ ಎರಡು ಸಲ ದಂಡ ಬಿದ್ದಂತಾಗುತ್ತದೆ.

ಕೈಬರಹಕ್ಕೆ, ಪುಟಗಳ ಸಂಖ್ಯೆಗೆ, ಉಲ್ಲೇಖಿಸಿದ ಕವಿವಾಣಿಗೆ ಪ್ರತ್ಯೇಕ ಅಂಕವಿಲ್ಲ. ಓದಲು ಸಾಧ್ಯವೇ ಇಲ್ಲದಿದ್ದರೆ ಮಾತ್ರ ಕೈಬರಹ ಗಣನೆಗೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಗು ತಳೆದ ನಿಲುವಿಗೆ ಅಂಕವಿಲ್ಲ. ಆ ನಿಲುವನ್ನು ಸಮರ್ಥಿಸಿದ ಬಗೆಗೆ ಅಂಕವಿದೆ.

5. ಒಂದು ಉದಾಹರಣೆ

ವಿವರಣೆಗಾಗಿ ಎರಡು ಕಲ್ಪಿತ ಪ್ರಬಂಧಗಳನ್ನು ತೆಗೆದುಕೊಳ್ಳಬಹುದು. ಪ್ರಶ್ನೆ: ‘ಕಬ್ಬು ಕಟಾವಾದ ಗದ್ದೆಯಲ್ಲಿ ತರಗಿಗೆ ಬೆಂಕಿ ಹಚ್ಚುವುದನ್ನು ನಿಲ್ಲಿಸಬೇಕೇ?’ ಅವಧಿ 50 ನಿಮಿಷ.

ಮೊದಲ ಪ್ರಬಂಧ ಮೂರು ಪುಟಗಳದು. ಅಕ್ಷರ ಮುತ್ತಿನಂತಿದೆ. ರೈತ ದೇಶದ ಬೆನ್ನೆಲುಬು ಎಂದು ಆರಂಭವಾಗುತ್ತದೆ. ಭಾರತವು ಹಳ್ಳಿಗಳ ದೇಶ, ಪ್ರಕೃತಿ ನಮ್ಮ ತಾಯಿ, ಮಾಲಿನ್ಯದಲ್ಲಿ ವಾಯುಮಾಲಿನ್ಯ, ಜಲಮಾಲಿನ್ಯ, ಶಬ್ದಮಾಲಿನ್ಯ ಎಂಬ ಬಗೆಗಳಿವೆ ಎಂದು ಮುಂದುವರಿಯುತ್ತದೆ. ಎರಡನೆಯ ಪುಟದ ಕೊನೆಯಲ್ಲಿ ಬೆಂಕಿ ಹಚ್ಚುವುದರಿಂದ ಹೊಗೆ ಬರುತ್ತದೆ ಎಂಬ ಒಂದು ಮಾತಿದೆ. ಎಲ್ಲರೂ ಸೇರಿ ಪರಿಸರ ಉಳಿಸೋಣ ಎಂದು ಮುಗಿಯುತ್ತದೆ.

ಎರಡನೆಯ ಪ್ರಬಂಧ ಒಂದೂಕಾಲು ಪುಟದ್ದು. ಅಕ್ಷರ ಓರೆಯಾಗಿದೆ, ‘ಒಗೆ’, ‘ಒಲ’ ಎಂಬ ತಪ್ಪುಗಳಿವೆ. ಬೆಂಕಿ ಹಚ್ಚುವುದನ್ನು ನಿಲ್ಲಿಸಬೇಕು, ಆದರೆ ಒಂದೇ ವರ್ಷದಲ್ಲಿ ಆಗುವುದಿಲ್ಲ ಎಂದು ಮೊದಲ ಸಾಲಿನಲ್ಲಿಯೇ ಹೇಳುತ್ತದೆ. ಕೂಲಿಯಾಳು ಸಿಗುವುದಿಲ್ಲ, ತರಗು ಹಾಗೆಯೇ ಬಿದ್ದಿದ್ದರೆ ಸಾಲಿನಲ್ಲಿ ನೀರು ಹರಿಯುವುದಿಲ್ಲ, ಇಲಿ ಸೇರಿಕೊಳ್ಳುತ್ತದೆ, ಅದಕ್ಕೇ ಅಪ್ಪ ಬೆಂಕಿ ಹಚ್ಚುತ್ತಾರೆ ಎಂದು ಇನ್ನೊಂದು ಪಕ್ಷವನ್ನು ವಿವರಿಸುತ್ತದೆ. ಆದರೆ ಹೋದ ಬೇಸಿಗೆಯಲ್ಲಿ ಪಕ್ಕದವರ ಬೆಂಕಿ ತಗುಲಿ ತಮ್ಮ ಎರಡು ತೆಂಗಿನ ಸಸಿ ಒಣಗಿದವು, ಮಾವನ ಗದ್ದೆಯಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿಗೆ ತರಗು ಹೊದಿಸಿದ್ದರಿಂದ ಕೂಳೆ ಕಬ್ಬಿನಲ್ಲಿ ಕಳೆ ಕಡಿಮೆಯಾಯಿತು, ತೇವ ಹೆಚ್ಚು ದಿನ ಉಳಿಯಿತು ಎಂದು ಹೇಳುತ್ತದೆ. ತರಗು ಪುಡಿಮಾಡುವ ಯಂತ್ರ ಬಾಡಿಗೆಗೆ ಸಿಕ್ಕರೆ ಅಪ್ಪ ಬೆಂಕಿ ಬಿಡುತ್ತಾರೆ ಎನ್ನುವಷ್ಟರಲ್ಲಿ ಸಮಯ ಮುಗಿದಿದೆ; ಕೊನೆಯ ವಾಕ್ಯ ಅರ್ಧಕ್ಕೆ ನಿಂತಿದೆ.

ಕಟ್ಟನ್ನು ಮಗುಚಿ ನೋಡುವವರು ಮೊದಲನೆಯದನ್ನು ಆರಿಸುವ ಸಂಭವವೇ ಹೆಚ್ಚು. ಮೇಲಿನ ಅಂಶಗಳನ್ನು ಅನ್ವಯಿಸಿದರೆ ಚಿತ್ರ ಬದಲಾಗುತ್ತದೆ. ಮೊದಲನೆಯದಕ್ಕೆ ನೇರ ಉತ್ತರದಲ್ಲಿ 1, ಕಾರಣದಲ್ಲಿ 2, ಮತ್ತೊಂದು ಪಕ್ಷದಲ್ಲಿ 0, ಜೋಡಣೆಯಲ್ಲಿ 2, ಭಾಷೆಯಲ್ಲಿ 3, ಒಟ್ಟು 8 ಅಂಕ. ಎರಡನೆಯದಕ್ಕೆ ಅನುಕ್ರಮವಾಗಿ 4, 5, 3, 2 ಮತ್ತು 1, ಒಟ್ಟು 15 ಅಂಕ. ಎರಡನೆಯ ಮಗುವಿಗೆ ಯಾವ ರಿಯಾಯಿತಿಯನ್ನೂ ತೋರಿಸಿಲ್ಲ. ಭಾಷೆಯಲ್ಲಿ ಅದು ಅಂಕ ಕಳೆದುಕೊಂಡಿದೆ. ಅದು ಮಾಡಿದ ಕೆಲಸವನ್ನು ಎಣಿಸಲಾಗಿದೆ, ಅಷ್ಟೆ. ಮೊದಲ ಮಗುವಿನ ಶ್ರಮವನ್ನು ಹಗುರವಾಗಿ ಕಾಣುವುದೂ ಬೇಡ. ಆ ಮಗುವಿಗೆ ಭಾಷೆಯ ಹಿಡಿತವಿದೆ. ಪ್ರಶ್ನೆಗೆ ಉತ್ತರಿಸಬೇಕೆಂದು ಯಾರೂ ಹೇಳಿಕೊಟ್ಟಿಲ್ಲ.

6. ಪ್ರಶ್ನೆಯನ್ನು ರೂಪಿಸುವುದು

ಕಂಠಪಾಠದ ಪ್ರಬಂಧಕ್ಕೆ ಅರ್ಧ ಕಾರಣ ಪ್ರಶ್ನೆಯೇ. ‘ಪರಿಸರ ಸಂರಕ್ಷಣೆ’, ‘ನೀರಿನ ಮಹತ್ವ’, ‘ಸ್ವಚ್ಛ ಭಾರತ’ ಎಂದು ವಿಷಯ ಕೊಟ್ಟರೆ ಸಿದ್ಧ ಬರಹವೇ ಬರುತ್ತದೆ. ಮಗುವಿಗೆ ಪರಿಚಿತವಾದ, ಎರಡೂ ಕಡೆ ನ್ಯಾಯವಾದ ಮಾತಿರುವ, ಪುಸ್ತಕದಲ್ಲಿ ಉತ್ತರ ಸಿಗದ ಪ್ರಶ್ನೆಯನ್ನು ಕೇಳಬೇಕು. ನಾಲ್ಕೂ ತಾಲ್ಲೂಕುಗಳಲ್ಲಿ ಅಂತಹ ಪ್ರಶ್ನೆಗಳಿಗೆ ಕೊರತೆಯಿಲ್ಲ.

ಶ್ರೀರಂಗಪಟ್ಟಣ ತಾಲ್ಲೂಕಿಗೆ: ‘ಸಂಗಮ ಹಾಗೂ ಪಶ್ಚಿಮವಾಹಿನಿಗೆ ಪಿತೃಕಾರ್ಯಕ್ಕಾಗಿ ಬರುವವರಿಂದ ಸ್ವಚ್ಛತಾ ಶುಲ್ಕ ಪಡೆಯಬೇಕೇ?’ ಕಾವೇರಿಯ ನೀರಿನ ಶುದ್ಧತೆ, ದೂರದಿಂದ ಬರುವ ಬಡವರ ಶ್ರದ್ಧೆ, ಘಟ್ಟವನ್ನು ಗುಡಿಸುವವರ ಕೂಲಿ ಮೂರೂ ಇಲ್ಲಿ ಎದುರಾಗುತ್ತವೆ.

ಪಾಂಡವಪುರ ತಾಲ್ಲೂಕಿಗೆ: ‘ಬೇಬಿ ಬೆಟ್ಟದ ಕಲ್ಲು ಗಣಿಗಾರಿಕೆಯ ವಿಷಯದಲ್ಲಿ ಕೃಷ್ಣರಾಜಸಾಗರ ಅಣೆಕಟ್ಟೆಯ ಸುರಕ್ಷತೆಯನ್ನೂ ಕಲ್ಲು ಕೆಲಸಗಾರರ ಜೀವನವನ್ನೂ ಹೇಗೆ ತೂಗಬೇಕು?’ ಕೆಲವು ಮಕ್ಕಳ ಮನೆಯ ಅನ್ನ ಕಲ್ಲಿನ ಕೆಲಸದಿಂದ ಬರುತ್ತದೆ; ಕೆಲವು ಮಕ್ಕಳ ಮನೆಯ ಅನ್ನ ನಾಲೆಯ ನೀರಿನಿಂದ ಬರುತ್ತದೆ. ಮೌಲ್ಯಮಾಪಕರು ತಮ್ಮ ಅಭಿಪ್ರಾಯಕ್ಕೆ ಹೊಂದುವ ಪ್ರಬಂಧಕ್ಕೆ ಹೆಚ್ಚು ಅಂಕ ಕೊಡುವ ಅಪಾಯ ಇಲ್ಲಿಯೇ ಅತಿ ಹೆಚ್ಚು. ಆದ್ದರಿಂದ ಇಂತಹ ಪ್ರಶ್ನೆಯನ್ನು ಕೇಳುವ ಮುನ್ನ, ನಿಲುವಿಗೆ ಅಂಕವಿಲ್ಲ ಎಂಬ ನಿಯಮವನ್ನು ಮೌಲ್ಯಮಾಪಕರಿಗೆ ಮತ್ತೊಮ್ಮೆ ಓದಿ ಹೇಳಬೇಕು.

ಕೃಷ್ಣರಾಜಪೇಟೆ ತಾಲ್ಲೂಕಿಗೆ: ‘ಹೇಮಾವತಿ ನಾಲೆಗೆ ನೀರು ಕಡಿಮೆ ಬರುವ ವರ್ಷ ಅಚ್ಚುಕಟ್ಟಿನಲ್ಲಿ ಭತ್ತದ ನಾಟಿಯನ್ನು ನಿರ್ಬಂಧಿಸಬೇಕೇ?’ ನಾಲೆಯ ಮೇಲ್ಭಾಗದ ಮಗುವೂ ಕೊನೆಯ ಭಾಗದ ಮಗುವೂ ಬೇರೆ ಬೇರೆ ಉತ್ತರ ಬರೆಯಬಹುದು. ಎರಡಕ್ಕೂ 20ಕ್ಕೆ 18 ಬರಲು ಸಾಧ್ಯವಿದೆ.

ನಾಗಮಂಗಲ ತಾಲ್ಲೂಕಿಗೆ: ‘ಪಂಚಾಯಿತಿಯ ಹಣವನ್ನು ಈ ವರ್ಷ ಹೊಸ ಕೊಳವೆಬಾವಿಗೆ ಖರ್ಚು ಮಾಡಬೇಕೇ, ಕೆರೆಯ ಹೂಳೆತ್ತಲು ಖರ್ಚು ಮಾಡಬೇಕೇ?’ ಮಳೆಯಾಶ್ರಿತ ರಾಗಿಯನ್ನೂ ತೆಂಗನ್ನೂ ನಂಬಿದ ಊರುಗಳ ಮಕ್ಕಳಿಗೆ ಈ ಪ್ರಶ್ನೆ ಹೊಸದಲ್ಲ. ಇಂದು ಕುಡಿಯುವ ನೀರು ಬೇಕೆಂಬ ಮಾತೂ ನಾಳೆ ಅಂತರ್ಜಲ ಬೇಕೆಂಬ ಮಾತೂ ಎರಡೂ ನಿಜವೇ.

7. ಸಮಯದ ಲೆಕ್ಕ

ಎಸ್.ಎಸ್.ಎಲ್.ಸಿ. ಪ್ರಥಮ ಭಾಷಾ ಪರೀಕ್ಷೆಗೆ 3 ಗಂಟೆ 15 ನಿಮಿಷ ನೀಡಲಾಗುತ್ತದೆ. ಅದರಲ್ಲಿ 15 ನಿಮಿಷ ಪ್ರಶ್ನೆಪತ್ರಿಕೆ ಓದುವುದಕ್ಕೆ. ಅದೇ ತತ್ತ್ವವನ್ನು ಇಲ್ಲಿಯೂ ಅನುಸರಿಸಬಹುದು. ಪ್ರೌಢಶಾಲಾ ಮಕ್ಕಳಿಗೆ 10 ನಿಮಿಷ ಯೋಚನೆಗೆ, 40 ನಿಮಿಷ ಬರವಣಿಗೆಗೆ, ಒಟ್ಟು 50 ನಿಮಿಷ ಸಾಕು. ಮೊದಲ 10 ನಿಮಿಷ ಉತ್ತರ ಬರೆಯಲು ಬಿಡದೆ, ಕರಡು ಹಾಳೆಯಲ್ಲಿ ಪರವಾದ ಎರಡು ಮಾತು, ವಿರುದ್ಧವಾದ ಒಂದು ಮಾತು ಗುರುತುಹಾಕಿಕೊಳ್ಳುವಂತೆ ಹೇಳಬೇಕು. ಈ ಅವಧಿಯಲ್ಲಿ ಒಂದು ನಿಲುವು, ಎರಡು ಕಾರಣ, ಒಂದು ಆಕ್ಷೇಪ, ಅದಕ್ಕೊಂದು ಉತ್ತರ ಬಂದರೆ ಅದು ಪೂರ್ಣ ಪ್ರಬಂಧ. ಮುಕ್ತಾಯದ ವಾಕ್ಯ ಅರ್ಧಕ್ಕೆ ನಿಂತಿದ್ದರೆ ಜೋಡಣೆಯಲ್ಲಿ 1 ಅಂಕ ಕಡಿಮೆಯಾಗಬಹುದು, ಅದಕ್ಕಿಂತ ಹೆಚ್ಚಲ್ಲ. ವೇಗವಾಗಿ ಬರೆಯುವ ಶಕ್ತಿಯನ್ನು ಅಳೆಯುವುದು ಈ ಸ್ಪರ್ಧೆಯ ಉದ್ದೇಶವಲ್ಲ.

8. ಮೌಲ್ಯಮಾಪನದ ಕಾರ್ಯವಿಧಾನ

ಸಿಮೆಂಟ್ ಕಾಂಕ್ರೀಟ್ ರಸ್ತೆಯ ಕಾಮಗಾರಿಯನ್ನು ಕಂಡಿರುವ ಸದಸ್ಯರಿಗೆ ಘನ ಪರೀಕ್ಷೆಯ ಪರಿಚಯವಿರುತ್ತದೆ. ಒಂದೇ ಮಿಶ್ರಣದಿಂದ ಮೂರು ಘನಗಳನ್ನು ತೆಗೆದು, 28 ದಿನಗಳ ನಂತರ ಒತ್ತಿ ನೋಡಿ, ಮೂರರ ಸರಾಸರಿಯನ್ನು ಪರಿಗಣಿಸಲಾಗುತ್ತದೆ. ಯಾವುದೇ ಒಂದು ಘನದ ಬಲವು ಸರಾಸರಿಯಿಂದ ಶೇ 15ಕ್ಕಿಂತ ಹೆಚ್ಚು ಸರಿದಿದ್ದರೆ ಆ ಮಾದರಿಯ ಫಲಿತಾಂಶ ಸ್ವೀಕಾರಾರ್ಹವಲ್ಲ. ಒಂದೇ ಘನವನ್ನು ನಂಬಿ ರಸ್ತೆಗೆ ಬಿಲ್ಲು ಪಾವತಿಸುವುದಿಲ್ಲ. ಒಬ್ಬರೇ ಓದಿದ ಅಂಕವನ್ನು ನಂಬಿ ಮಗುವಿನ ಬರಹಕ್ಕೆ ಬೆಲೆ ಕಟ್ಟುವುದೂ ಹಾಗೆಯೇ ಸಲ್ಲದು. ಆದ್ದರಿಂದ ಕೆಳಕಂಡ ಕ್ರಮವನ್ನು ಅನುಸರಿಸಬಹುದಾಗಿದೆ.

(1) ಉತ್ತರ ಹಾಳೆಯ ಮೇಲೆ ಹೆಸರು, ಶಾಲೆ, ಊರು ಇರಬಾರದು. ಪ್ರತಿ ಹಾಳೆಗೆ ಒಂದು ಸಂಖ್ಯೆ ನೀಡಿ, ಸಂಖ್ಯೆ ಮತ್ತು ಹೆಸರಿನ ಪಟ್ಟಿಯನ್ನು ಲಕೋಟೆಯಲ್ಲಿ ಮುಚ್ಚಿಟ್ಟು, ಅಂಕಗಳು ಅಂತಿಮವಾದ ಮೇಲೆ ತೆರೆಯಬೇಕು.

(2) ಅಂಕ ನೀಡಲು ತೊಡಗುವ ಮುನ್ನ ಎಲ್ಲ ಮೌಲ್ಯಮಾಪಕರೂ ಒಟ್ಟಿಗೆ ಕುಳಿತು ಮೂರು ಪ್ರಬಂಧಗಳನ್ನು ಓದಬೇಕು. ಪ್ರತಿಯೊಬ್ಬರೂ ತಾವು ಕೊಟ್ಟ ಅಂಕಕ್ಕೆ ಕಾರಣ ಹೇಳಬೇಕು. ಅರ್ಧ ಗಂಟೆಯ ಈ ಚರ್ಚೆಯಲ್ಲಿ ಅಳತೆಗೋಲುಗಳು ಒಂದಕ್ಕೊಂದು ಹತ್ತಿರವಾಗುತ್ತವೆ.

(3) ಪ್ರತಿ ಪ್ರಬಂಧವನ್ನು ಇಬ್ಬರು ಪ್ರತ್ಯೇಕವಾಗಿ ಓದಬೇಕು. ಅಂಕಗಳನ್ನು ಪ್ರಬಂಧದ ಮೇಲೆ ಬರೆಯದೆ ಬೇರೆ ಪಟ್ಟಿಯಲ್ಲಿ ನಮೂದಿಸಬೇಕು. ಮೊದಲಿನವರ ಅಂಕ ಎರಡನೆಯವರಿಗೆ ಕಾಣಬಾರದು. ಎರಡನೆಯವರಿಗೆ ಕೊಡುವಾಗ ಕಟ್ಟಿನ ಅನುಕ್ರಮವನ್ನು ಬದಲಿಸಬೇಕು.

(4) ಇಬ್ಬರ ಅಂಕಗಳ ವ್ಯತ್ಯಾಸ 4 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸರಾಸರಿ ತೆಗೆಯಬೇಕು. ಅದಕ್ಕಿಂತ ಹೆಚ್ಚಿದ್ದರೆ ಮೂರನೆಯವರು ಓದಬೇಕು. ಆಗ ಹತ್ತಿರವಿರುವ ಎರಡು ಅಂಕಗಳ ಸರಾಸರಿಯನ್ನು ಅಂತಿಮಗೊಳಿಸಬೇಕು.

(5) ಒಬ್ಬರು ಒಂದೇ ಬಾರಿಗೆ 20ಕ್ಕಿಂತ ಹೆಚ್ಚು ಪ್ರಬಂಧಗಳನ್ನು ಓದದಿರುವುದು ಒಳ್ಳೆಯದು. ಸ್ಪರ್ಧೆಗೂ ಬಹುಮಾನ ವಿತರಣೆಗೂ ನಡುವೆ ಕನಿಷ್ಠ ಒಂದು ವಾರದ ಅಂತರವಿರಬೇಕು.

(6) ಮೌಲ್ಯಮಾಪಕರಾಗಿ ಬೇರೆ ಪಂಚಾಯಿತಿ ವ್ಯಾಪ್ತಿಯ ಶಾಲಾ ಶಿಕ್ಷಕರನ್ನು ಕೋರಬಹುದು. ಅಕ್ಕಪಕ್ಕದ ಎರಡು ಗ್ರಾಮ ಪಂಚಾಯಿತಿಗಳು ಪ್ರಬಂಧಗಳ ಕಟ್ಟನ್ನು ವಿನಿಮಯ ಮಾಡಿಕೊಂಡರೆ ಖರ್ಚಿಲ್ಲದೆ ನಿಷ್ಪಕ್ಷಪಾತ ಸಾಧ್ಯವಾಗುತ್ತದೆ.

ಇಬ್ಬರು ಪ್ರತ್ಯೇಕವಾಗಿ ಓದುವ ಕ್ರಮ ದೊಡ್ಡ ಪರೀಕ್ಷೆಗಳಲ್ಲಿಯೂ ಇದೆ. ವಿದೇಶಿ ವಿಶ್ವವಿದ್ಯಾಲಯಗಳ ಪ್ರವೇಶಕ್ಕಾಗಿ ಬರೆಯುವ ಜಿ.ಆರ್.ಇ. ಪರೀಕ್ಷೆಯಲ್ಲಿ 30 ನಿಮಿಷದ ವಿಶ್ಲೇಷಣಾ ಪ್ರಬಂಧವನ್ನು ತರಬೇತಿ ಪಡೆದ ಓದುಗರೊಬ್ಬರೂ ಕಂಪ್ಯೂಟರ್ ತಂತ್ರಾಂಶವೂ ಪರಿಶೀಲಿಸುತ್ತವೆ. ಎರಡಕ್ಕೂ ಹೊಂದಿಕೆಯಾಗದಿದ್ದರೆ ಇನ್ನೊಬ್ಬ ಓದುಗರ ಬಳಿಗೆ ಅದು ಹೋಗುತ್ತದೆ. ತಂತ್ರಾಂಶವೊಂದನ್ನೇ ನಂಬಿ ಅಂಕ ಕೊಡುವ ಸಲಹೆಗಳು ಸದಸ್ಯರ ಮುಂದೆಯೂ ಬರಬಹುದು. ‘ಒಗೆ’ ಎಂದು ಬರೆದ ಮಗುವಿನ ಮಾತಿನಲ್ಲಿ ಹುರುಳಿದೆಯೇ ಎಂಬುದನ್ನು ತೀರ್ಮಾನಿಸಲು ಸದ್ಯಕ್ಕೆ ಊರನ್ನು ಬಲ್ಲ ಇಬ್ಬರು ಓದುಗರೇ ಮೇಲು.

9. ಸದಸ್ಯರ ಪಾತ್ರ

ಮಾನ್ಯ ಸದಸ್ಯರು ತಮ್ಮ ವಾರ್ಡಿನ ಮಕ್ಕಳ ಪ್ರಬಂಧಗಳಿಗೆ ಅಂಕ ನೀಡದಿರುವುದು ಉಚಿತ. ತಮ್ಮ ಸಂಬಂಧಿಕರ ಕಾಮಗಾರಿಯ ಅಳತೆಯನ್ನು ತಾವೇ ಪ್ರಮಾಣೀಕರಿಸದಿರುವುದು ಎಷ್ಟು ಸಹಜವೋ ಇದೂ ಅಷ್ಟೇ ಸಹಜ. ಸದಸ್ಯರ ಕೆಲಸ ಅಂಕ ನೀಡುವುದಕ್ಕಿಂತ ದೊಡ್ಡದು. ಪ್ರಶ್ನೆಗಳನ್ನು ಸೂಚಿಸುವುದು, ಮಾನದಂಡ ಮುಂಚಿತವಾಗಿ ಪ್ರಕಟವಾಗುವಂತೆ ನೋಡಿಕೊಳ್ಳುವುದು, ಇಬ್ಬರು ಓದಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳುವುದು ಹಾಗೂ ‘ನಮ್ಮ ವಾರ್ಡಿಗೂ ಒಂದು ಬಹುಮಾನ ಬರಲಿ’ ಎಂಬ ಒತ್ತಡಕ್ಕೆ ಮಣಿಯದಿರುವುದು ಅವರ ಹೊಣೆ.

ಪೋಷಕರು ಬಂದು ತಮ್ಮ ಮಗುವಿಗೆ ಏಕೆ ಬಹುಮಾನ ಬರಲಿಲ್ಲ ಎಂದು ಕೇಳುವುದುಂಟು. ಐದು ಅಂಶಗಳ ಅಂಕಪಟ್ಟಿ ಇದ್ದರೆ ಅದನ್ನು ತೋರಿಸಿ ಉತ್ತರಿಸಬಹುದು. ಅದಿಲ್ಲದಿದ್ದರೆ ಉತ್ತರವೇ ಇರುವುದಿಲ್ಲ, ಉಳಿಯುವುದು ಅನುಮಾನವೊಂದೇ.

10. ಬಹುಮಾನದ ನಂತರ

ಬಹುಮಾನ ವಿತರಣೆಯಾದ ಮೇಲೆ ಪ್ರಬಂಧಗಳು ಪಂಚಾಯಿತಿ ಕಚೇರಿಯ ಬೀರುವಿನ ಮೇಲೆ ಧೂಳು ಹಿಡಿಯುವುದು ರೂಢಿ. ಇದು ಬದಲಾಗಬೇಕಾದ ಎರಡನೆಯ ಸಂಗತಿ. ಪ್ರತಿ ಪ್ರಬಂಧವನ್ನು ಬರೆದ ಮಗುವಿಗೆ ಹಿಂತಿರುಗಿಸಬೇಕು. ಅದರ ಮೇಲೆ ಎರಡು ವಾಕ್ಯಗಳಿದ್ದರೆ ಸಾಕು: ಒಂದು ವಾಕ್ಯ ಚೆನ್ನಾಗಿ ಬಂದಿರುವುದನ್ನು ಹೇಳಲಿ, ಇನ್ನೊಂದು ಮುಂದಿನ ಸಲ ಮಾಡಬೇಕಾದುದನ್ನು ಹೇಳಲಿ. ‘ಮಾವನ ಗದ್ದೆಯ ಉದಾಹರಣೆ ನಿನ್ನ ಮಾತಿಗೆ ಬಲ ಕೊಟ್ಟಿದೆ. ಹಕಾರ ಇರುವ ಪದಗಳನ್ನು ಜೋರಾಗಿ ಓದಿ ಅಭ್ಯಾಸ ಮಾಡು.’ ಇಷ್ಟನ್ನು ಓದಿದ ಮಗುವಿಗೆ ತನ್ನ ಬರಹವನ್ನು ಯಾರೋ ನಿಜವಾಗಿ ಓದಿದ್ದಾರೆ ಎಂದು ತಿಳಿಯುತ್ತದೆ.

ಮೂರನೆಯ ಸಂಗತಿ ಮಕ್ಕಳ ಗ್ರಾಮ ಸಭೆಗೆ ಸಂಬಂಧಿಸಿದ್ದು. ಪ್ರತಿ ವರ್ಷ ನಡೆಯುವ ಈ ಸಭೆಯಲ್ಲಿ ಮಕ್ಕಳು ತಮ್ಮ ಬೇಡಿಕೆಗಳನ್ನು ಮಂಡಿಸುತ್ತಾರೆ. ಮೈಕಿನ ಮುಂದೆ ನಿಂತು ಮಾತನಾಡಲು ಹಿಂಜರಿಯುವ ಮಗುವೂ ಪ್ರಬಂಧದಲ್ಲಿ ತನ್ನ ಊರಿನ ಸ್ಥಿತಿಯನ್ನು ಹೇಳಿರುತ್ತದೆ. ಆ ಪ್ರಬಂಧಗಳಲ್ಲಿ ಬಂದ ಬೇಡಿಕೆಗಳನ್ನು ಬರೆದವರ ಹೆಸರು ಹೇಳದೆ ಪಟ್ಟಿ ಮಾಡಿ ಸಭೆಯ ಮುಂದಿಟ್ಟರೆ, ತರಗು ಪುಡಿಮಾಡುವ ಯಂತ್ರವೋ ಕೆರೆಯ ಹೂಳೋ ಬೀದಿಯ ನಲ್ಲಿಯೋ ಪಂಚಾಯಿತಿಯ ಕ್ರಿಯಾಯೋಜನೆಯ ಚರ್ಚೆಗೆ ಬರಲು ದಾರಿಯಾಗುತ್ತದೆ.

ಮುಂಬರುವ ಸ್ಪರ್ಧೆಗೆ ಮುನ್ನ ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ಸಾಮಾನ್ಯ ಸಭೆಯಲ್ಲಿ ಮೂರು ವಿಷಯಗಳನ್ನು ತೀರ್ಮಾನಿಸಿಕೊಳ್ಳಬಹುದು: ಈ ಸಲದ ಪ್ರಶ್ನೆ ಯಾವುದು, ಓದುವ ಇಬ್ಬರು ಯಾರು, ಪ್ರಬಂಧಗಳನ್ನು ಮಕ್ಕಳಿಗೆ ಹಿಂತಿರುಗಿಸುವ ದಿನ ಯಾವುದು. ಇವುಗಳಲ್ಲಿ ಯಾವುದಕ್ಕೂ ಹೆಚ್ಚುವರಿ ಅನುದಾನ ಬೇಕಾಗಿಲ್ಲ.